ಹೆರಿಗೆಯ ಕೈಚೀಲ: ಅದರಲ್ಲಿ ಏನಿರಬೇಕು, ಏನಿರಬಾರದು

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದ ವಸ್ತು. ತಂಬೂರಿನಂತಹ ಸುತ್ತಲಿನ ಹಳ್ಳಿಗಳಲ್ಲಿ ಮನೆಯ ಮಗಳೋ ಸೊಸೆಯೋ ಗರ್ಭಿಣಿಯಾದಳೆಂದರೆ ಕುಬಸದ ಸೀರೆ, ತೊಟ್ಟಿಲು, ಕೌದಿ, ಕುಂಚಿಗೆ ಇವುಗಳ ಮಾತು ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ಹೆರಿಗೆಗೆ ಆಸ್ಪತ್ರೆಗೆ ಹೊರಡುವಾಗ ಹಿಡಿದೊಯ್ಯಬೇಕಾದ ಕೈಚೀಲದ ಮಾತನ್ನು ಅನೇಕರು ನೋವು ಕಾಣಿಸಿಕೊಂಡ ಮೇಲೆಯೇ ಎತ್ತುತ್ತಾರೆ. ಆ ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಹೊರಡುವುದು, ಉಳಿದುದನ್ನು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಚಿಕ್ಕ ಚಿಕ್ಕ ಪಾಕೀಟುಗಳಲ್ಲಿ ಕೊಳ್ಳುವುದು ರೂಢಿಯಾಗಿದೆ. ಇದರಿಂದ ಹಣವೂ ಹೆಚ್ಚು ಹೋಗುತ್ತದೆ, ಮನೆಗೆ ಕಸವೂ ಬರುತ್ತದೆ.

ಆ ಕಸ ಎಲ್ಲಿಗೆ ಹೋಗುತ್ತದೆಂಬುದನ್ನು ನೀವು ಬಲ್ಲಿರಿ. ಶಾಂಪೂ, ಎಣ್ಣೆ, ಪೌಡರುಗಳ ಪಾಕೀಟುಗಳು ತಿಪ್ಪೆ ಸೇರಿ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತವೆ, ಅವು ಕೊಳೆಯುವುದಿಲ್ಲ. ಹಿತ್ತಲಿನಲ್ಲಿ ಸುಟ್ಟರೆ ಅದರ ಹೊಗೆಯನ್ನು ಮೊದಲು ಉಸಿರಾಡುವವರು ಒಳಗೆ ಮಲಗಿರುವ ಬಾಣಂತಿ ಮತ್ತು ಹಸುಗೂಸು. ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಯಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿಯ ಕಿವಿಹತ್ತಿಯೂ ದೇಶದಾದ್ಯಂತ ನಿಷಿದ್ಧ. (ಮಗುವಿನ ಕಿವಿಯೊಳಗೆ ಯಾವ ಕಡ್ಡಿಯನ್ನೂ ಹಾಕಬಾರದೆಂಬುದು ಕಾನೂನಿಗಿಂತ ಹಳೆಯ ಮಾತು.)

ಬಾಣಂತಿಗೆ ಸ್ವಚ್ಛತೆಯ ಸಾಮಗ್ರಿಗಳನ್ನು ಒಟ್ಟುಗೂಡಿಸಿ ಕೊಡುವ ವಿಚಾರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2007ರಲ್ಲಿ ಆರಂಭವಾದ ಮಡಿಲು ಯೋಜನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಂದಿರಿಗೆ ಸೋಪು, ಬ್ರಷ್, ಬಾಚಣಿಗೆ, ಟವೆಲ್, ಸೊಳ್ಳೆಪರದೆ ಮೊದಲಾದ ವಸ್ತುಗಳ ಕಿಟ್ ಕೊಡಲಾಯಿತು. ಕೊಟ್ಟದ್ದು ಹೆರಿಗೆಯ ನಂತರ. ಹೊರಡುವ ಹೊತ್ತಿಗೆ ಬೇಕಾದುದನ್ನು ನೀವಿಬ್ಬರೇ ಸಿದ್ಧಪಡಿಸಬೇಕು. ಎಂಟನೆಯ ತಿಂಗಳು ಮುಗಿಯುವುದರೊಳಗೆ ಸಿದ್ಧವಾಗಿರಬೇಕು.

ಮೊದಲು ಚೀಲ. ಹಳೆಯ ಧೋತರದ ಅಥವಾ ಖಾದಿಯ ಗಟ್ಟಿ ಬಟ್ಟೆಯಿಂದ ಲಾಡಿ ಹಾಕಿದ ಚೀಲವೊಂದನ್ನು ಮನೆಯಲ್ಲಿಯೇ ಹೊಲಿಯಬಹುದು. ಒದ್ದೆ ಬಟ್ಟೆಗೆಂದು ಇನ್ನೊಂದು ಚಿಕ್ಕ ಚೀಲವಿದ್ದರೆ ಒಳ್ಳೆಯದು. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗವೂ, 1957ರಲ್ಲಿ ಖಾದಿ ಸಂಘ ಸ್ಥಾಪನೆಯಾದ ಹುಬ್ಬಳ್ಳಿಯ ಬೆಂಗೇರಿಯೂ ಇದೇ ಜಿಲ್ಲೆಯವು. ಹತ್ತಿ ಬೆಳೆಯುವ, ನೂಲುವ ಜಿಲ್ಲೆಯವರು ಪ್ಲಾಸ್ಟಿಕ್ ಚೀಲಕ್ಕೆ ಕೈಯೊಡ್ಡುವುದು ಸೋಜಿಗವೇ ಸರಿ.

ಚೀಲದಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಸೋಪು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಜ್ವರದಿಂದ ತಾಯಂದಿರು ಸಾಲುಸಾಲಾಗಿ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ಕೈಯಲ್ಲಿಯೇ ವೈದ್ಯರು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದುದನ್ನು ಗಮನಿಸಿದ ಡಾ. ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಕ್ಲೋರಿನ್ ಬೆರೆತ ನೀರಿನಲ್ಲಿ ಎಲ್ಲರೂ ಕೈತೊಳೆಯಬೇಕೆಂದು ಕಟ್ಟುಮಾಡಿದರು. ಕೆಲವೇ ತಿಂಗಳಲ್ಲಿ ಸಾವು ಬಹುವಾಗಿ ತಗ್ಗಿತು. ಇಂದು ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಸಾಧಾರಣ ಸೋಪು ಸಾಕು. ಒಂದು ಸೋಪನ್ನು ಎರಡು ತುಂಡು ಮಾಡಿ, ಒಂದನ್ನು ತಾಯಿಯ ಸ್ನಾನಕ್ಕೂ ಇನ್ನೊಂದನ್ನು ಜೊತೆಗಿರುವವರ ಕೈತೊಳೆಯಲಿಕ್ಕೂ ಇಡಿರಿ. ತಳದಲ್ಲಿ ಮೊಳೆಯಿಂದ ನಾಲ್ಕು ತೂತು ಕೊರೆದ ತಗಡಿನ ಡಬ್ಬಿಯಲ್ಲಿಟ್ಟರೆ ನೀರು ಬಸಿದು ಸೋಪು ಕರಗದೆ ಉಳಿಯುತ್ತದೆ. ಮಗುವನ್ನು ಎತ್ತಿಕೊಳ್ಳಲು ಬರುವ ಅವ್ವ, ಅತ್ತೆ, ನೆರೆಯವರು ಎಲ್ಲರಿಗೂ ಆ ಎರಡನೆಯ ತುಂಡನ್ನು ಮೊದಲು ತೋರಿಸಿರಿ. ಸಂಕೋಚಪಡಬೇಕಾಗಿಲ್ಲ.

ಇನ್ನು ಬಟ್ಟೆಯ ವಿಷಯ. ಹೆರಿಗೆಯ ನಂತರ ನಾಲ್ಕರಿಂದ ಆರು ವಾರಗಳವರೆಗೆ ರಕ್ತಸ್ರಾವ ಇರುತ್ತದೆ. ಇದಕ್ಕೆ ಮನೆಯ ಹಳೆಯ ಹತ್ತಿಬಟ್ಟೆ ಉತ್ತಮವೇ, ಆದರೆ ಅದನ್ನು ಒಗೆದು ಒಣಗಿಸುವ ಬಗೆಯಲ್ಲಿ ಎಲ್ಲವೂ ಅಡಗಿದೆ. ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಹಾಕಿದರೆ ರಕ್ತದ ಕಲೆ ಗಟ್ಟಿಯಾಗಿ ನಿಲ್ಲುತ್ತದೆ. ಬಳಿಕ ಸೋಪು ಹಚ್ಚಿ ಒಗೆದು, ಬಿಸಿಲಿನಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆಯೇ ಎತ್ತಿಡಬೇಕು. ನಾಚಿಕೆಯಿಂದ ಸೀರೆಯ ಅಡಿಯಲ್ಲಿಯೋ ಕತ್ತಲೆ ಮೂಲೆಯಲ್ಲಿಯೋ ಅಡಗಿಸಿ ಒಣಹಾಕುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹಾಗೆ ಮಾಡಿದಾಗ ಬಟ್ಟೆಯಲ್ಲಿ ತೇವ ಉಳಿದು ರೋಗಾಣುಗಳು ಬೆಳೆಯುತ್ತವೆ. ಗಂಡನಾದವನು ಹಿತ್ತಲಿನಲ್ಲಿ ಬಿಸಿಲು ಬೀಳುವ ಕಡೆ ಒಂದು ಹಗ್ಗ ಕಟ್ಟಿಕೊಟ್ಟರೆ ಅದು ಹತ್ತು ಔಷಧಿಗೆ ಸಮನಾದ ಉಪಕಾರ. ತಿಳಿಬಣ್ಣದ ಬಟ್ಟೆಯನ್ನೇ ಆರಿಸಿರಿ. ಸ್ರಾವದ ಪ್ರಮಾಣವೂ ಬಣ್ಣವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಒಂದು ಗಂಟೆಯೊಳಗೆ ದಪ್ಪ ಬಟ್ಟೆಯೊಂದು ಪೂರ್ತಿ ತೋಯ್ದರೆ, ಸ್ರಾವ ದುರ್ನಾತ ಬೀರಿದರೆ, ಚಳಿಜ್ವರ ಬಂದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಹೀಗಿದ್ದರೂ ಆಸ್ಪತ್ರೆಯಲ್ಲಿರುವಷ್ಟು ದಿನ ಬಟ್ಟೆಯ ಹಟ ಬೇಡ. ಅಲ್ಲಿ ಒಗೆಯಲು ಜಾಗವಿಲ್ಲ, ಬಿಸಿಲಿಲ್ಲ. ಆ ಎರಡು ಮೂರು ದಿನಗಳಿಗೆ ಬಳಸಿ ಬಿಡುವ ಪ್ಯಾಡುಗಳನ್ನೇ ಒಯ್ಯಿರಿ, ಬಳಸಿದ್ದನ್ನು ದಾದಿಯರನ್ನು ಕೇಳಿ ಹಳದಿ ಬಣ್ಣದ ಕಸದ ಬುಟ್ಟಿಗೆ ಹಾಕಿರಿ. ರಕ್ತ ತಾಗಿದ ಕಸಕ್ಕೆಂದು 2016ರ ನಿಯಮಗಳು ಗೊತ್ತುಪಡಿಸಿದ ಬಣ್ಣ ಅದು. ಮುಟ್ಟಿನ ಕಪ್ ಬಳಸುವ ತಾಯಂದಿರು ಹೆರಿಗೆಯ ನಂತರದ ಸ್ರಾವಕ್ಕೆ ಅದನ್ನು ಉಪಯೋಗಿಸಕೂಡದು. ವೈದ್ಯರ ಒಪ್ಪಿಗೆ ದೊರೆತ ಮೇಲೆಯೇ ಮತ್ತೆ ಆರಂಭಿಸಬಹುದು.

ಮಗುವಿಗಾಗಿ, ಒಗೆದು ಬಿಸಿಲಿನಲ್ಲಿ ಒಣಗಿಸಿದ ಮೆತ್ತನೆಯ ಹಳೆಯ ಧೋತರದ ಏಳೆಂಟು ತುಂಡುಗಳು ಮತ್ತು ಒಂದು ಕುಂಚಿಗೆ ಸಾಕು. ಹುಟ್ಟಿದ ಮೊದಲ 24 ಗಂಟೆ ಮಗುವಿಗೆ ಸ್ನಾನ ಬೇಡ. ಮೈ ತಣ್ಣಗಾಗುವುದೇ ಆಗ ದೊಡ್ಡ ಅಪಾಯ. ಆದುದರಿಂದ ಮಗುವಿನ ಸೋಪು, ಎಣ್ಣೆ, ಪೌಡರು ಕೂಡಿದ ಬಣ್ಣದ ಪೆಟ್ಟಿಗೆಗೆ ಹಣ ಸುರಿಯಬೇಕಾಗಿಲ್ಲ. ಪೌಡರಿನ ಧೂಳು ಕೂಸಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕಾಡಿಗೆಯನ್ನು ಕಣ್ಣಿಗೆ ಹಚ್ಚಬೇಡಿರಿ. ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸವಿರುವುದು ಕಂಡುಬಂದಿದೆ.

ತಲೆಗೆ ಸೀಗೆಪುಡಿ, ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ, ಒಂದು ಬಾಚಣಿಗೆ. ಹಲ್ಲಿಗೆ ಬ್ರಷ್ಷೂ ಆಗಬಹುದು, ಬೇವಿನ ಕಡ್ಡಿಯೂ ಆಗಬಹುದು. ಹೊಗೆಸೊಪ್ಪು ಸುಟ್ಟು ಮಾಡಿದ ಹಲ್ಲುಪುಡಿ ಮಾತ್ರ ಚೀಲದಲ್ಲಿರಕೂಡದು. ಗರ್ಭಿಣಿಯ ಬಾಯಿಗೆ ಹೋಗುವ ತಂಬಾಕು ಹೊಟ್ಟೆಯಲ್ಲಿರುವ ಮಗುವಿನ ತೂಕವನ್ನು ತಗ್ಗಿಸುತ್ತದೆ.

ಕಸ ಕಡಿಮೆ ಮಾಡುವ ಉತ್ಸಾಹದಲ್ಲಿ ಮರೆಯಬಾರದ ಮಾತೊಂದಿದೆ: ಬ್ಲೇಡಿನಲ್ಲಿ ಉಳಿತಾಯವಿಲ್ಲ. ಹಿಂದೆ ಹೊಕ್ಕುಳಬಳ್ಳಿಯನ್ನು ಹಳೆಯ ಬ್ಲೇಡಿನಿಂದಲೋ ಕುಡಗೋಲಿನಿಂದಲೋ ಕೊಯ್ದು, ಬೂದಿ ಅಥವಾ ಸಗಣಿ ಮೆತ್ತಿ ಎಷ್ಟೋ ಕೂಸುಗಳನ್ನು ಧನುರ್ವಾಯುವಿಗೆ ಬಲಿಕೊಟ್ಟದ್ದುಂಟು. ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ ಹಾಗೂ ಸ್ವಚ್ಛ ಪದ್ಧತಿಗಳಿಂದ ಭಾರತವು 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ದಾರಿಯಲ್ಲಿಯೇ ಹೆರಿಗೆಯಾದರೂ ಹೊಸ ಬ್ಲೇಡೇ ಬೇಕು. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು. ಗಂಡನ ಕ್ಷೌರದ ಬ್ಲೇಡನ್ನು ಹೆಂಡತಿ ಬಳಸುವುದೂ ತರವಲ್ಲ. ರಕ್ತದ ಮೂಲಕ ಹರಡುವ ಕಾಮಾಲೆ ಅದರಿಂದ ದಾಟಬಲ್ಲದು.

ನಿರೋಧಕ್ಕೂ ಇದೇ ನಿಯಮ. 1968ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿರುವ ಈ ಸಾಧನವನ್ನು ಒಂದು ಸಲಕ್ಕೆ ಮಾತ್ರ ಬಳಸಬೇಕು, ತೊಳೆದು ಮತ್ತೆ ಬಳಸಕೂಡದು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದೊಡನೆ ಹಾಕಿರಿ. ಶೌಚಾಲಯದಲ್ಲಿ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಗುಂಡಿಯಲ್ಲಿ ಕೊಳೆಯುವುದೂ ಇಲ್ಲ. ಮುಂದಿನ ಮಗುವಿಗೆ ಹಲವು ವರ್ಷ ಅಂತರವಿರಲೆಂದು ಬಯಸುವವರು ಹೆರಿಗೆಯಾದ 48 ಗಂಟೆಗಳೊಳಗೆ ಅಲ್ಲಿಯೇ ಕಾಪರ್-ಟಿ ಹಾಕಿಸಿಕೊಳ್ಳಬಹುದು. 380ಎ ಬಗೆಯದು 10 ವರ್ಷ ಕೆಲಸಮಾಡುತ್ತದೆ, ಬೇಡವಾದಾಗ ತೆಗೆಸಬಹುದು. ಇದನ್ನು ಹೊರಡುವ ಮೊದಲೇ ಇಬ್ಬರೂ ಕೂಡಿ ಮಾತನಾಡಿಕೊಂಡಿರಿ, ನೋವಿನ ನಡುವೆ ಅವಳೊಬ್ಬಳೇ ಉತ್ತರ ಹೇಳುವಂತಾಗಬಾರದು.

ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಚೀಲದ ಒಳಜೇಬಿನಲ್ಲಿಡಿರಿ. ಕಲಘಟಗಿಯಿಂದ ಹುಬ್ಬಳ್ಳಿಗೆ ಸುಮಾರು 30 ಕಿ.ಮೀ. ಇದೆ, ದೊಡ್ಡಾಸ್ಪತ್ರೆಗೆ ಕಳುಹಿಸಿದರೆ ಮನೆಗೆ ಮರಳಿ ಬಂದು ಕಾಗದ ಹುಡುಕುವಷ್ಟು ಸಮಯವಿರುವುದಿಲ್ಲ. ಚೀಲವನ್ನು ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿ, ಮನೆಯಲ್ಲಿರುವ ಎಲ್ಲರಿಗೂ ತೋರಿಸಿಡಿರಿ. ನೋವು ಶುರುವಾದೊಡನೆ 108ಕ್ಕೆ ಕರೆಮಾಡಿರಿ.