ಎಸ್‌ಎಸ್‌ಡಿ ಮುನ್ಸೂಚನೆ ಕೊಡುವುದಿಲ್ಲ: ಬ್ಯಾಕಪ್ ಮಾಡಿಡುವುದು ಹೇಗೆ?

ಹಳೆಯ ಹಾರ್ಡ್ ಡಿಸ್ಕ್‌ಗಳು ಕೆಡುವ ಮುನ್ನ ಸಾಮಾನ್ಯವಾಗಿ ಏನಾದರೊಂದು ಸುಳಿವು ಕೊಡುತ್ತಿದ್ದವು. ಕಟಕಟ ಸದ್ದು ಬರುತ್ತಿತ್ತು, ಫೈಲ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು, ಕಂಪ್ಯೂಟರ್ ನಡುನಡುವೆ ನಿಂತುಬಿಡುತ್ತಿತ್ತು. ಆಗ ಎಚ್ಚೆತ್ತವರು ಅಷ್ಟಿಷ್ಟು ಉಳಿಸಿಕೊಳ್ಳುತ್ತಿದ್ದರು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಜಾಗಕ್ಕೆ ಎಸ್‌ಎಸ್‌ಡಿ ಬಂದಿದೆ. ವೇಗ ಹೆಚ್ಚು, ಸದ್ದಿಲ್ಲ, ಒಳಗೆ ತಿರುಗುವ ಭಾಗವೇ ಇಲ್ಲದ್ದರಿಂದ ಕೈಜಾರಿ ಬಿದ್ದರೂ ಪೆಟ್ಟು ಕಡಿಮೆ. ಆದರೆ ಕೆಡುವಾಗ ಅದು ಬಹಳ ಸಲ ಒಮ್ಮೆಲೇ ಕೆಡುತ್ತದೆ. ರಾತ್ರಿ ಸರಿಯಾಗಿಯೇ ಶಟ್‌ಡೌನ್ ಆಗಿದ್ದ ಯಂತ್ರಕ್ಕೆ ಬೆಳಿಗ್ಗೆ ತನ್ನ ಡಿಸ್ಕೇ ಕಾಣಿಸುವುದಿಲ್ಲ. ಮಗುವಿನ ಮೊದಲ ವರ್ಷದ ಫೋಟೊ, ಅಂಗಡಿಯ ಮೂರು ವರ್ಷದ ಲೆಕ್ಕ, ಅರ್ಧ ಬರೆದ ಪಿಎಚ್‌.ಡಿ ಪ್ರಬಂಧ ಎಲ್ಲವೂ ಅದರೊಳಗೇ ಉಳಿಯುತ್ತವೆ.

ಯಾವ ಕಂಪನಿಯ ಎಸ್‌ಎಸ್‌ಡಿ ಗಟ್ಟಿ ಎಂದು ಹುಡುಕುವುದರಲ್ಲಿ ಜನ ಕಳೆಯುವ ಸಮಯದ ಕಾಲು ಭಾಗ ಸಾಕು, ಒಂದು ಒಳ್ಳೆಯ ಬ್ಯಾಕಪ್ ವ್ಯವಸ್ಥೆ ಕಟ್ಟಿಕೊಳ್ಳಲು.

ಸವೆತದ ಭಯ ಬೇಡ, ಭಯಪಡಬೇಕಾದ್ದು ಬೇರೆ

ಎಸ್‌ಎಸ್‌ಡಿಯಲ್ಲಿ ಮಾಹಿತಿ ಉಳಿಯುವುದು ಚಿಪ್‌ನ ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿ. ಬರೆದು ಅಳಿಸಿದಂತೆಲ್ಲ ಕೋಶ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಇದನ್ನು ಕೇಳಿದವರು ‘ಹೆಚ್ಚು ಬಳಸಿದರೆ ಹಾಳಾಗುತ್ತದೆ’ ಎಂದು ಹೆದರುತ್ತಾರೆ. ಲೆಕ್ಕ ಹಾಕಿ ನೋಡೋಣ. 500 ಜಿಬಿಯ ಸ್ಯಾಮ್‌ಸಂಗ್ 970 ಇವೊ ಡ್ರೈವ್‌ಗೆ ಕಂಪನಿ ಕೊಟ್ಟ ಬರಹದ ಮಿತಿ 300 ಟೆರಾಬೈಟ್. ದಿನಕ್ಕೆ 30 ಜಿಬಿಯಂತೆ ಬರೆಯುತ್ತಾ ಹೋದರೂ ಆ ಮಿತಿ ಮುಟ್ಟಲು 27 ವರ್ಷ ಬೇಕು. ಮನೆ, ಕಚೇರಿಯ ಬಳಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.

ಗೂಗಲ್‌ನ ಡೇಟಾ ಕೇಂದ್ರಗಳಲ್ಲಿ ಆರು ವರ್ಷಗಳ ಅವಧಿಯಲ್ಲಿ ದುಡಿದ ಡ್ರೈವ್‌ಗಳ ಬಗ್ಗೆ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಎಂಜಿನಿಯರ್‌ಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಹಾರ್ಡ್ ಡಿಸ್ಕ್‌ಗಳಿಗೆ ಹೋಲಿಸಿದರೆ ಎಸ್‌ಎಸ್‌ಡಿಗಳನ್ನು ಬದಲಿಸಬೇಕಾಗಿ ಬಂದದ್ದು ಕಡಿಮೆ. ಆದರೆ ಸರಿಪಡಿಸಲಾಗದ ಓದುವಿಕೆ ದೋಷಗಳು ಎಸ್‌ಎಸ್‌ಡಿಗಳಲ್ಲೇ ಹೆಚ್ಚು ಕಂಡವು. ಎಷ್ಟು ಬರೆದಿದ್ದೇವೆ ಎನ್ನುವುದಷ್ಟೇ ಅಲ್ಲ, ಡ್ರೈವ್‌ಗೆ ಎಷ್ಟು ವಯಸ್ಸಾಗಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂದು ಆ ಅಧ್ಯಯನ ತೋರಿಸಿತು. ಓದುವಿಕೆ ದೋಷ ಬಂದಾಗ ಡ್ರೈವ್ ಜೀವಂತವಾಗಿಯೇ ಇರುತ್ತದೆ, ಒಳಗಿನ ಯಾವುದೋ ಒಂದು ಫೈಲ್ ಮಾತ್ರ ಹೋಗಿರುತ್ತದೆ.

ಇನ್ನೊಂದು ಅಪಾಯ ಡ್ರೈವ್‌ನೊಳಗಿನ ತಂತ್ರಾಂಶದ್ದು. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. 2011ರಲ್ಲಿ ಇಂಟೆಲ್ 320 ಸರಣಿಯ ಕೆಲವು ಡ್ರೈವ್‌ಗಳು ಏಕಾಏಕಿ ಕರೆಂಟ್ ಹೋದ ಮೇಲೆ ತಮ್ಮ ಗಾತ್ರ ಬರೀ 8 ಎಂಬಿ ಎಂದು ತೋರಿಸತೊಡಗಿದವು. 2019ರಲ್ಲಿ ಎಚ್‌ಪಿ ಎಂಟರ್‌ಪ್ರೈಸ್ ಇನ್ನೂ ಗಂಭೀರವಾದ ಎಚ್ಚರಿಕೆ ಕೊಟ್ಟಿತು. ಅದರ ಸರ್ವರ್‌ಗಳಿಗೆ ಹಾಕುವ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ನಿಂತುಹೋಗುತ್ತವೆ, ಡ್ರೈವ್ ಆಗಲಿ ಡೇಟಾ ಆಗಲಿ ವಾಪಸು ಸಿಗುವುದಿಲ್ಲ ಎಂದು ಕಂಪನಿಯೇ ತಿಳಿಸಿತು. ಒಟ್ಟಿಗೆ ಕೆಲಸ ಆರಂಭಿಸಿದ ಡ್ರೈವ್‌ಗಳು ಹೆಚ್ಚೂಕಡಿಮೆ ಒಟ್ಟಿಗೇ ಹೋಗುತ್ತವೆ ಎಂದೂ ಹೇಳಿತು. ಒಂದೇ ದಿನ ಒಂದೇ ಮಾದರಿಯ ಎರಡು ಡ್ರೈವ್ ಕೊಂಡು ‘ಎರಡು ಪ್ರತಿ ಇದೆಯಲ್ಲ’ ಎಂದು ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು.

ಮೊದಲು ಪಟ್ಟಿ ಮಾಡಿ

ಇಡೀ ಕಂಪ್ಯೂಟರನ್ನೇ ಕಾಪಿ ಮಾಡಬೇಕು ಎಂದು ಹೊರಟರೆ ಕೆಲಸ ಶುರುವೇ ಆಗುವುದಿಲ್ಲ. ‘ಇದು ಹೋದರೆ ಮತ್ತೆ ಸಿಗುತ್ತದೆಯೇ?’ ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸಿ. ವಿಂಡೋಸ್ ಮತ್ತೆ ಹಾಕಿಸಬಹುದು. ಪಹಣಿಯನ್ನು ಭೂಮಿ ಜಾಲತಾಣದಿಂದ ಮತ್ತೆ ಇಳಿಸಿಕೊಳ್ಳಬಹುದು. ಆದರೆ ಅಜ್ಜನ ಕೈಬರಹದ ಹಳೆಯ ಪತ್ರವನ್ನು ಸ್ಕ್ಯಾನ್ ಮಾಡಿಟ್ಟಿದ್ದು, ಮೂಲ ಗೆದ್ದಲು ತಿಂದಿದ್ದರೆ, ಅದು ಮತ್ತೆ ಸಿಗದು. ಪಟ್ಟಿಯ ಮೊದಲ ಸಾಲಿನಲ್ಲಿ ಅಂಥದ್ದೇ ಇರಲಿ.

ಮರೆತುಹೋಗುವ ಜಾಗಗಳಿವೆ. ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡ ಫೈಲ್‌ಗಳು, ಡೌನ್‌ಲೋಡ್ಸ್ ಫೋಲ್ಡರ್, ಔಟ್‌ಲುಕ್‌ನ ಮೇಲ್ ಕಡತ, ಟ್ಯಾಲಿಯ ಡೇಟಾ ಫೋಲ್ಡರ್. ಡಿಟಿಪಿ ಮಾಡುವವರು ಪೇಜ್‌ಮೇಕರ್ ಫೈಲ್ ಜೊತೆಗೆ ಅದರಲ್ಲಿ ಬಳಸಿದ ಫಾಂಟ್‌ಗಳನ್ನೂ ಇಡಬೇಕು. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಸಾಧ್ಯವಾದರೆ ಹಳೆಯ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಆ ಪ್ರತಿಯನ್ನೂ ಇಡಿ. ನಮ್ಮ ಸಣ್ಣ ಪ್ರಕಾಶಕರು, ಜಿಲ್ಲಾ ಪತ್ರಿಕೆಗಳವರು ದಯವಿಟ್ಟು ಈ ಕೆಲಸ ಮುಂದೂಡಬಾರದು. ಆ ಬರಹಗಳು ಅವರೊಬ್ಬರ ಆಸ್ತಿಯಲ್ಲ.

ಸಿಯಿಂದ ಡಿಗೆ ಹಾಕಿದರೆ ಬ್ಯಾಕಪ್ ಅಲ್ಲ

ನಮ್ಮಲ್ಲಿ ಕಂಪ್ಯೂಟರ್ ಕೊಂಡಾಗ ಅಂಗಡಿಯವರು ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿಕೊಡುವುದು ರೂಢಿ. ‘ಮುಖ್ಯವಾದ್ದನ್ನೆಲ್ಲ ಡಿ ಡ್ರೈವ್‌ಗೆ ಹಾಕಿದ್ದೇನೆ, ಭದ್ರವಾಗಿದೆ’ ಎಂದು ಹೇಳುವವರು ಈಗಲೂ ಎಲ್ಲೆಡೆ ಇದ್ದಾರೆ. ವಿಂಡೋಸ್ ಮಾತ್ರ ಹಾಳಾದರೆ ಡಿ ಉಳಿಯುತ್ತದೆ, ನಿಜ. ಎಸ್‌ಎಸ್‌ಡಿಯೇ ಸತ್ತರೆ ಎರಡೂ ಹೋಗುತ್ತವೆ. ಅವು ಒಂದೇ ಮನೆಯ ಎರಡು ಕೋಣೆ, ಅಷ್ಟೆ.

ಮೊದಲ ಪ್ರತಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ನಿಮ್ಮ ಡೇಟಾದ ಎರಡರಷ್ಟು ಗಾತ್ರದ್ದಿರಲಿ. ಕಪಾಟಿನಲ್ಲಿ ಇಡುವ ಪ್ರತಿಗೆ ಎಸ್‌ಎಸ್‌ಡಿ, ಪೆನ್‌ಡ್ರೈವ್‌ಗಳನ್ನು ನಂಬಬೇಡಿ. ಕರೆಂಟ್ ಇಲ್ಲದೆ ಸುಮ್ಮನಿದ್ದರೆ ಕೋಶಗಳಲ್ಲಿನ ಆವೇಶ ನಿಧಾನವಾಗಿ ಸೋರಿಹೋಗುತ್ತದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ತನ್ನ ಬರಹದ ಮಿತಿ ಮುಗಿಸಿದ ಮೇಲೆ, 30 ಡಿಗ್ರಿ ಉಷ್ಣಾಂಶದಲ್ಲಿ, ಕರೆಂಟ್ ಇಲ್ಲದೆ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು ಎಂಬುದಷ್ಟೇ ಚಿಪ್ ಉದ್ಯಮದ ಮಾನದಂಡ ಸಂಸ್ಥೆ ಜೆಡೆಕ್‌ನ ಬೇಡಿಕೆ. ಹೊಸ ಡ್ರೈವ್ ಇನ್ನೂ ಹೆಚ್ಚು ಕಾಲ ಉಳಿಸೀತು. ಆದರೆ ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಮನೆಗಳಲ್ಲಿ ಇದು ಪುಸ್ತಕದ ಮಾತಲ್ಲ.

ಮ್ಯಾಕ್‌ನಲ್ಲಿ ಕೆಲಸ ಸುಲಭ. ಡಿಸ್ಕ್ ಸಿಕ್ಕಿಸಿ ಟೈಮ್ ಮಷಿನ್ ಆನ್ ಮಾಡಿದರೆ ಮುಗಿಯಿತು. ಲಿನಕ್ಸ್ ಉಬುಂಟು ಬಳಸುವವರಿಗೆ ಡೇಜಾ ಡುಪ್ ಇದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆದು ಫೈಲ್ ಹಿಸ್ಟರಿ ಹುಡುಕಿ, ಎಕ್ಸ್‌ಟರ್ನಲ್ ಡಿಸ್ಕ್ ಆರಿಸಿ, ‘ಟರ್ನ್ ಆನ್’ ಒತ್ತಿ. ಅದು ಫೈಲ್‌ನ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ. ಇಲ್ಲೊಂದು ಎಚ್ಚರಿಕೆ: ಫೈಲ್ ಹಿಸ್ಟರಿ ತಾನಾಗಿಯೇ ನೋಡಿಕೊಳ್ಳುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಫೋಲ್ಡರ್‌ಗಳನ್ನು ಮಾತ್ರ. ಡಿ ಡ್ರೈವ್‌ನಲ್ಲಿರುವ ಫೋಲ್ಡರನ್ನು ನೀವೇ ಲೈಬ್ರರಿಗೆ ಸೇರಿಸಬೇಕು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಇನ್‌ಕ್ಲೂಡ್ ಇನ್ ಲೈಬ್ರರಿ’ ಆಯ್ಕೆ ಸಿಗುತ್ತದೆ. ವಿಂಡೋಸ್ 11ರಲ್ಲಿ ಅದು ‘ಶೋ ಮೋರ್ ಆಪ್ಷನ್ಸ್’ ಒಳಗಿದೆ. ಇದು ಗೊಂದಲ ಎನಿಸಿದರೆ ವಾರಕ್ಕೊಮ್ಮೆ ಮುಖ್ಯ ಫೋಲ್ಡರ್‌ಗಳನ್ನು ಕೈಯಾರೆ ಕಾಪಿ ಮಾಡಿ, ಫೋಲ್ಡರ್ ಹೆಸರಿನಲ್ಲಿ ದಿನಾಂಕ ಹಾಕಿ. ತಪ್ಪೇನಿಲ್ಲ.

ಬ್ಯಾಕಪ್ ಮುಗಿದೊಡನೆ ಡಿಸ್ಕ್ ಕಳಚಿಡಿ. ಸದಾ ಸಿಕ್ಕಿಸಿಯೇ ಇಟ್ಟರೆ, ರ‍್ಯಾನ್ಸಮ್‌ವೇರ್ ಬಂದ ದಿನ ಮೂಲದ ಜೊತೆ ಪ್ರತಿಗೂ ಬೀಗ ಬೀಳುತ್ತದೆ.

ಮನೆಯ ಹೊರಗೊಂದು ಪ್ರತಿ

ಕಳ್ಳತನ, ಬೆಂಕಿ, ಮಳೆನೀರು ಲ್ಯಾಪ್‌ಟಾಪನ್ನೂ ಪಕ್ಕದ ಡಿಸ್ಕನ್ನೂ ಬೇರೆ ಬೇರೆ ಮಾಡಿ ನೋಡುವುದಿಲ್ಲ. ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ಡೇಟಾ ಕೇಂದ್ರಕ್ಕೆ 2025ರ ಸೆಪ್ಟೆಂಬರ್ 26ರಂದು ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ–ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಹೊರಗೆ ಬೇರೆ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾಯಿತು.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3–2–1 ಸೂತ್ರ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಕ್ಲೌಡ್ ಬಳಸಬಹುದು. ಗೂಗಲ್ 15 ಜಿಬಿ ಉಚಿತವಾಗಿ ಕೊಡುತ್ತದೆ, ಅದರಲ್ಲಿ ಜಿಮೇಲ್ ಮತ್ತು ಫೋಟೊಗಳ ಪಾಲೂ ಸೇರಿದೆ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೆ 200 ಜಿಬಿ ಏರಿಸಲು ಸುಮಾರು 22 ಗಂಟೆ ಬೇಕು. ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರಿಗೆ ಇದು ಹೊಂದುವುದಿಲ್ಲ. ಅವರು ಇನ್ನೊಂದು ಹಾರ್ಡ್ ಡಿಸ್ಕ್ ತುಂಬಿಸಿ ಊರಿನ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಳ್ಳುವುದು ಲೇಸು. ಕೈಬದಲಾಗುವ ಡಿಸ್ಕಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಪಾಸ್‌ವರ್ಡ್ ಹಾಕಿಡಿ.

ಗೂಗಲ್ ಡ್ರೈವ್, ಒನ್‌ಡ್ರೈವ್‌ನಲ್ಲಿ ಫೋಲ್ಡರ್ ಸಿಂಕ್ ಆಗುತ್ತಿದೆ ಎಂದರೆ ಬ್ಯಾಕಪ್ ಆಯಿತು ಎಂದಲ್ಲ. ನೀವು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ.

ವಾಪಸು ತಂದು ನೋಡಿ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಸಿಬ್ಬಂದಿಯೊಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ನೋಡಹೊರಟರೆ, ಮಾಡಿಟ್ಟಿದ್ದ ಐದು ವಿಧಾನಗಳಲ್ಲಿ ಒಂದೂ ನೆಚ್ಚಿಕೊಳ್ಳುವಂತಿರಲಿಲ್ಲ. ಸುಮಾರು ಆರು ಗಂಟೆ ಮುಂಚೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ. ಹಳೆಯದೊಂದು, ಹೊಸದೊಂದು, ದೊಡ್ಡದೊಂದು ಫೈಲ್ ತೆರೆದು ನೋಡಿ. ವಿಡಿಯೊ ಆದರೆ ಕೊನೆಯವರೆಗೆ ಓಡಿಸಿ. ಟ್ಯಾಲಿ ಬ್ಯಾಕಪ್ಪನ್ನು ಬೇರೆ ಖಾಲಿ ಫೋಲ್ಡರ್‌ಗೆ ರಿಸ್ಟೋರ್ ಮಾಡಿ ಕೊನೆಯ ವೋಚರ್ ಇದೆಯೇ ಪರೀಕ್ಷಿಸಿ. ನೆನಪಿರಲಿ, ಚಾಲ್ತಿಯಲ್ಲಿರುವ ಕಂಪನಿಯ ಫೋಲ್ಡರ್ ಮೇಲೆಯೇ ರಿಸ್ಟೋರ್ ಮಾಡಬಾರದು.

ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಹಲವು ಸಲ ನಮಗೆ ತಿಳಿಯದೆಯೇ ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆ ಹಾಕಿಕೊಂಡಿರುತ್ತವೆ. ಮದರ್‌ಬೋರ್ಡ್ ಕೆಟ್ಟು ಎಸ್‌ಎಸ್‌ಡಿ ಮಾತ್ರ ಉಳಿದರೆ, 48 ಅಂಕಿಗಳ ರಿಕವರಿ ಕೀ ಇಲ್ಲದೆ ಅದು ತೆರೆಯುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಹುಡುಕಿ, ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ.

ಡ್ರೈವ್ ಆರೋಗ್ಯ, ಕೆಟ್ಟಾಗ ಮಾಡಬೇಕಾದ್ದು

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ ಸ್ಥಿತಿ ತೋರಿಸುತ್ತದೆ. ಶೇಕಡಾವಾರು ಆರೋಗ್ಯ ಎಂದು ಅದು ತೋರಿಸುವುದು ಮುಖ್ಯವಾಗಿ ಸವೆತದ ಲೆಕ್ಕ. ‘98% ಗುಡ್’ ಎಂದಿದ್ದ ಡ್ರೈವ್ ಮರುದಿನ ಸಾಯಬಾರದು ಎಂದೇನಿಲ್ಲ. ನೋಡಬೇಕಾದ್ದು ‘ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸಾಲನ್ನು. ಅಲ್ಲಿ ಸೊನ್ನೆ ಇಲ್ಲದಿದ್ದರೆ ಅಂದೇ ಕಾಪಿ ಮಾಡಿಕೊಳ್ಳಿ. ಏಕಾಏಕಿ ಕರೆಂಟ್ ಹೋಗುವ ಅಪಾಯವಿರುವುದರಿಂದ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಯುಪಿಎಸ್ ಬೇಕೇಬೇಕು. ಫರ್ಮ್‌ವೇರ್ ಅಪ್‌ಡೇಟ್ ಬಂದರೆ ಹಾಕಿ, ಬ್ಯಾಕಪ್ ಆದ ಮೇಲೆ.

ತಪ್ಪಿ ಅಳಿಸಿದ ಫೈಲ್ ಎಸ್‌ಎಸ್‌ಡಿಯಿಂದ ವಾಪಸು ಬರುವುದು ಕಷ್ಟ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆದೇಶ ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ಅದನ್ನು ಒಳಗೊಳಗೇ ಸಾರಿಸಿಬಿಡುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಕೂಡಲೇ ಯಂತ್ರ ಬಂದ್ ಮಾಡಿ ರಿಕವರಿ ಮಾಡುವವರ ಬಳಿ ಒಯ್ಯಿರಿ, ಆದರೆ ಹೆಚ್ಚು ಆಸೆ ಬೇಡ. ಡ್ರೈವ್ ಓದಲಷ್ಟೇ ಬರುತ್ತಿದ್ದು, ಬರೆಯಲು ಬಿಡುತ್ತಿಲ್ಲವೆಂದರೆ, ಫಾರ್ಮ್ಯಾಟ್ ಮಾಡಲು, ರಿಪೇರಿ ತಂತ್ರಾಂಶ ಓಡಿಸಲು ಹೋಗಬೇಡಿ. ಪಟ್ಟಿಯ ಮೊದಲ ಸಾಲಿನಿಂದ ಕಾಪಿ ಶುರುಮಾಡಿ.

ಇದೆಲ್ಲಕ್ಕೂ ಇವತ್ತು ಪುರುಸೊತ್ತಿಲ್ಲದಿದ್ದರೆ, ಮನೆಯಲ್ಲಿರುವ ಯಾವುದಾದರೂ ಡಿಸ್ಕಿಗೆ, ಅದೂ ಇಲ್ಲದಿದ್ದರೆ ಪೆನ್‌ಡ್ರೈವ್‌ಗಾದರೂ ಸರಿ, ಮತ್ತೆ ಸಿಗದ ಆ ಒಂದು ಫೋಲ್ಡರನ್ನು ಈಗಲೇ ಕಾಪಿ ಮಾಡಿ. ಉಳಿದ ಹಂತಗಳನ್ನು ಬರುವ ಭಾನುವಾರ ಮುಗಿಸಿ.