ಬಡ್ಡಿ ದರಕ್ಕೂ ಒಂದು ಓಟು

2023ರ ಕೊನೆಯಲ್ಲಿ ನಾನು 20 ಲಕ್ಷದ ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿಸಿದೆ. "ದಂಡ ಕಟ್ಟಿ ಸ್ವಂತ ದುಡ್ಡು ತೆಗೆಯೋರು ಉಂಟೇ?" ಎಂದು ಮನೆಯಲ್ಲಿ ಎರಡು ದಿನ ಮಾತಿಲ್ಲ.

ಲೆಕ್ಕ ನೋಡಿ. ಅದು ಐದು ವರ್ಷದ ಎಫ್‌ಡಿ, ಬಡ್ಡಿ ಶೇ 7. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ 35,000ದಂತೆ 1,40,000 ಕೈಸೇರಿತ್ತು. ಮುರಿಸಿದಾಗ ಬ್ಯಾಂಕಿನವರು ಒಂದು ವರ್ಷದ ಠೇವಣಿಯ ದರ ಶೇ 6.8 ಹಿಡಿದರು, ಶೇ 1 ದಂಡ ಕಳೆದರು. ಶೇ 5.8ರ ಪ್ರಕಾರ ನನಗೆ ಸಲ್ಲಬೇಕಾದದ್ದು 1,16,000. ಹೆಚ್ಚಿಗೆ ಕೊಟ್ಟ 24,000 ರೂಪಾಯಿಯನ್ನು ಅಸಲಿನಲ್ಲೇ ಮುರಿದುಕೊಂಡು 19,76,000 ಖಾತೆಗೆ ಹಾಕಿದರು. ಕಡಿಮೆ ಬಿದ್ದದ್ದನ್ನು ಉಳಿತಾಯ ಖಾತೆಯಿಂದ ತುಂಬಿ, ಪೂರ್ತಿ 20 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಶೇ 8.2ರಂತೆ ಮೂರು ತಿಂಗಳಿಗೆ 41,000, ವರ್ಷಕ್ಕೆ 1,64,000. ಎಫ್‌ಡಿಗಿಂತ 24,000 ಹೆಚ್ಚು. ಒಂದೇ ವರ್ಷದಲ್ಲಿ ದಂಡ ತೀರಿತು. ಎಫ್‌ಡಿಯ ಉಳಿದ ಮೂರು ವರ್ಷಕ್ಕೆ 72,000 ಲಾಭ.

    

ಇದರಲ್ಲಿ ನನ್ನ ಜಾಣತನ ಅರ್ಧ, ಸರ್ಕಾರದ್ದು ಅರ್ಧ. ಈ ಯೋಜನೆಯ ಮಿತಿ 15ರಿಂದ 30 ಲಕ್ಷಕ್ಕೆ ಏರಿದ್ದು 2023ರ ಬಜೆಟ್‌ನಲ್ಲಿ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ನಿಗದಿ ಮಾಡುವುದು ಹಣಕಾಸು ಸಚಿವಾಲಯ. 2021ರ ಮಾರ್ಚ್ 31ರಂದು ಅದನ್ನು ಶೇ 7.4ರಿಂದ 6.5ಕ್ಕೆ ಇಳಿಸಿ ಆದೇಶ ಹೊರಟಿತು. ಹೊಸದಾಗಿ 15 ಲಕ್ಷ ಇಡುವವರಿಗೆ ವರ್ಷಕ್ಕೆ 13,500 ಖೋತಾ. ಮರುದಿನ ಬೆಳಿಗ್ಗೆಯೇ, ಕಣ್ತಪ್ಪಿನಿಂದ ಹೊರಟ ಆದೇಶವೆಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹಿಂಪಡೆದರು. ಅಂದು ಪಶ್ಚಿಮ ಬಂಗಾಳ, ಅಸ್ಸಾಂನಲ್ಲಿ ಮತದಾನ. ಕಣ್ತಪ್ಪೋ, ಓಟಿನ ಭಯವೋ, ನೀವೇ ಹೇಳಿ.

ಲಕ್ಷಗಟ್ಟಲೆ ಠೇವಣಿ ಇಲ್ಲದವರ ಪಾಡು ಇನ್ನೂ ಕಷ್ಟ. ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಆಯಿತು. ಹತ್ತು ವರ್ಷ ಕಳೆದರೂ ಕದಲಲಿಲ್ಲ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 60ರಿಂದ 79ರವರಿಗೆ ಕೇಂದ್ರದ ಪಾಲು 200 ರೂಪಾಯಿಗೇ ನಿಂತು ವರ್ಷಗಳಾದವು. 2020ರ ಮಾರ್ಚ್‌ನಲ್ಲಿ ನಿಂತ ಹಿರಿಯರ ರೈಲು ರಿಯಾಯಿತಿಯ ಕಥೆಯೂ ಅಷ್ಟೇ. ಸರ್ಕಾರಿ ನೌಕರರಿಗೆ ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಏರುತ್ತದೆ; ಗಾರ್ಮೆಂಟ್ಸ್‌ನಲ್ಲಿ ದುಡಿದು ಹಣ್ಣಾದ ಹೆಂಗಸಿಗೆ ಬೆಲೆ ಏರಿದ್ದು ತಟ್ಟುವುದಿಲ್ಲವೇ?

ನಮ್ಮವರ ಅಭ್ಯಾಸವೂ ಸರಿಯಿಲ್ಲ. ಅಭ್ಯರ್ಥಿ ಬಂದರೆ ಕಾಲಿಗೆ ಬೀಳಿಸಿಕೊಂಡು, ಶಾಲು ಹೊದ್ದು, ಫೋಟೊಗೆ ನಿಲ್ಲುತ್ತೇವೆ. ಪಾಸ್‌ಬುಕ್ ತೋರಿಸಿ ಪ್ರಶ್ನೆ ಕೇಳುವವರಿಲ್ಲ. ಈ ಸಲ ಎರಡೇ ಪ್ರಶ್ನೆ ಕೇಳಿ: ಪಿಂಚಣಿಯನ್ನು ಬೆಲೆಯೇರಿಕೆಗೆ ಜೋಡಿಸುತ್ತೀರಾ? ಹಿರಿಯರ ಠೇವಣಿಯ ಬಡ್ಡಿಗೆ ಇಷ್ಟಕ್ಕಿಂತ ಇಳಿಸೆವು ಎಂಬ ಕನಿಷ್ಠ ಮಿತಿ ಹಾಕುತ್ತೀರಾ? ಹೌದು ಎಂದವರ ಪ್ರಣಾಳಿಕೆಯಲ್ಲಿ ಆ ಸಾಲು ಇದೆಯೇ ಎಂದು ಕನ್ನಡಕ ಹಾಕಿಕೊಂಡು ಓದಿ, ಆಮೇಲೆ ಓಟು ಹಾಕಿ.