ಔಟ್‌ಟರ್ನ್ ಲೆಕ್ಕದ ಸೂತ್ರ ಒಂದೇ ಕಡೆ ಇರಲಿ



50 ಕಿಲೋ ರೋಬಸ್ಟಾ ಚೆರ್ರಿ ಚೀಲದಲ್ಲಿ 26 ಕಿಲೋ ಕಾಫಿ ಬೀಜ ಸಿಕ್ಕರೆ ಔಟ್‌ಟರ್ನ್ 26. ಬೀಜಕ್ಕೆ ಕಿಲೋಗೆ 400 ರೂ. ಎಂದಿಟ್ಟುಕೊಂಡರೆ ಚೀಲಕ್ಕೆ 10,400 ರೂ. ಔಟ್‌ಟರ್ನ್ ಅರ್ಧ ಕಿಲೋ ತಪ್ಪಿದರೆ ಚೀಲಕ್ಕೆ 200 ರೂ. ಹೋಯಿತು!

ಇಂಥ ಸೂತ್ರವನ್ನು ಎಕ್ಸೆಲ್‌ನ ಪ್ರತಿ ಫೈಲಿಗೂ ನಕಲು ಮಾಡುವುದು ಸಲ್ಲದು. ತೇವಾಂಶದ ಕಡಿತ ಬದಲಾದಾಗ ಒಂದು ಫೈಲು ತಿದ್ದಿ ಇನ್ನೊಂದು ಉಳಿದರೆ, ಒಂದೇ ಬಗೆಯ ಮಾಲಿಗೆ ಇಬ್ಬರಿಗೆ ಎರಡು ಪಾವತಿ.

ನಾವು ಅನುಸರಿಸುವ ಕ್ರಮ ಹೀಗಿದೆ. ಹೊಸ ಫೈಲಿನ ಮಾಡ್ಯೂಲಿನಲ್ಲಿ ಸೂತ್ರವನ್ನು ವಿಬಿಎ ಫಂಕ್ಷನ್ ಆಗಿ ಬರೆದು, ‘ಎಕ್ಸೆಲ್ ಆ್ಯಡ್-ಇನ್’ ಎಂದು ಸೇವ್ ಮಾಡಿರಿ. ಆ್ಯಡ್-ಇನ್ಸ್ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಿದರೆ ಆ ಕಂಪ್ಯೂಟರಿನ ಎಲ್ಲ ಫೈಲುಗಳಲ್ಲೂ ದೊರೆಯುತ್ತದೆ. ದರ, ಔಟ್‌ಟರ್ನ್, ಕಡಿತಗಳನ್ನು ಸೆಲ್‌ಗಳಿಂದಲೇ ಕೊಡಿರಿ. ಆ್ಯಡ್-ಇನ್ ಇಲ್ಲದ ಕಂಪ್ಯೂಟರಿನಲ್ಲಿ ‘ನೇಮ್’ ದೋಷ ಕಾಣಬಹುದು. ಗಾಬರಿ ಬೇಡ, ಅಲ್ಲಿಯೂ ಅಳವಡಿಸಿದರಾಯಿತು.

ಫಂಕ್ಷನ್ ತಿದ್ದಿದರೆ ಹಳೆಯ ಫೈಲುಗಳೂ ಮರುಲೆಕ್ಕವಾದಾಗ ಹೊಸ ಅಂಕಿ ತೋರಿಸುತ್ತವೆ. ಹೋದ ವರ್ಷ ಪಾವತಿಯಾದ ಮೊತ್ತವೇ ಬದಲಾಗಿ ಕಂಡೀತು. (ಕಾಗದದ ಖಾತೆ ಪುಸ್ತಕಕ್ಕೆ ಈ ಕಾಟವಿರಲಿಲ್ಲ, ನಿಜ.) ಆದ್ದರಿಂದ ಪಾವತಿಯಾದ ಕೂಡಲೇ ‘ಪೇಸ್ಟ್ ವ್ಯಾಲ್ಯೂಸ್’ ಮಾಡಿ ಲೆಕ್ಕವನ್ನು ಬರಿಯ ಅಂಕಿಗಳಾಗಿಸಿರಿ.

ನಾವು ಸಿದ್ಧಪಡಿಸಿದ ಫೈಲು ಸಂಘದ ಕಛೇರಿಯಲ್ಲಿದೆ. ಪೆನ್‌ಡ್ರೈವ್ ತಂದ ಸದಸ್ಯರಿಗೆ ಹಾಕಿಕೊಡುತ್ತೇವೆ.